ಒತ್ತಕ್ಷರ ತಿಂದದ್ದು ಕೀಬೋರ್ಡ್ ಅಲ್ಲ

ಲಗ್ನಪತ್ರಿಕೆಯ ಪ್ರೂಫ್ ಓದುತ್ತಿದ್ದ ಯಜಮಾನರು ಕನ್ನಡಕ ಮೇಲೆತ್ತಿ ನನ್ನ ಮುಖ ನೋಡಿದರು. ‘ಏನ್ ಸ್ವಾಮಿ, ದೇವರ ಹೆಸರಲ್ಲೇ ಒತ್ತು ತಿಂದಿದ್ದೀರಲ್ಲ!’

ನೋಡಿದರೆ ನಿಜ. ಪತ್ರಿಕೆಯ ತಲೆಯ ಮೇಲೆ ‘ಶ್ರೀ ಲಕಷ್ಮೀವೆಂಕಟೇಶ್ವರ ಪ್ರಸನನ’ ಅಂತ ಕೂತಿತ್ತು. ಇಪ್ಪತ್ತು ವರ್ಷದಿಂದ ಡಿಟಿಪಿ ಮಾಡುತ್ತಿದ್ದೇನೆ. ಆ ಸಾಲನ್ನು ನಾನು ನಿದ್ದೆಯಲ್ಲೂ ಟೈಪ್ ಮಾಡಬಲ್ಲೆ. ‘ನುಡಿ’ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುವವರಿಗೆ ಗೊತ್ತಿರುತ್ತೆ, ಒತ್ತು ಬರಬೇಕಾದರೆ ನಡುವೆ ಎಫ್ ಕೀ ಒತ್ತಬೇಕು. ಆ ಒಂದು ಕೀ ತಪ್ಪಿದರೆ ‘ಪ್ರಸನ್ನ’ ಹೋಗಿ ‘ಪ್ರಸನನ’ ಆಗುತ್ತದೆ. ನಾನು ಒತ್ತಿದ್ದೆ. ಕಂಪ್ಯೂಟರಿಗೆ ಅದು ಮುಟ್ಟಿರಲಿಲ್ಲ. ಆದರೆ ಇದನ್ನು ಗಿರಾಕಿಗೆ ಹೇಳಿದರೆ ನಂಬುತ್ತಾರಾ?

ನಮ್ಮದು ಸಾಗರದಲ್ಲಿ ಒಂದು ಚಿಕ್ಕ ಅಂಗಡಿ. ಕಬ್ಬಿಣದ ಮೇಜು, ಅದರ ಕೆಳಗೆ ಕ್ಯಾಬಿನೆಟ್. (ನಮ್ಮೂರಲ್ಲಿ ಎಲ್ಲರೂ ಅದನ್ನು ಸಿಪಿಯು ಅಂತಲೇ ಕರೆಯುತ್ತಾರೆ, ತಿದ್ದಲು ಹೋಗಿ ಸೋತಿದ್ದೇನೆ.) ಮೇಜಿನ ಮೇಲೆ ವೈರುಗಳ ಕಾಟ ಬೇಡ ಅಂತ ವೈರ್‌ಲೆಸ್ ಕೀಬೋರ್ಡ್, ಮೌಸ್ ಜೋಡಿ ತಂದಿದ್ದೆ. ಎರಡಕ್ಕೂ ಸೇರಿ ಉಗುರಿನಷ್ಟು ದೊಡ್ಡ ಒಂದು ಡಾಂಗಲ್, ಅಂದರೆ ಅವು ಗಾಳಿಯಲ್ಲಿ ಕಳಿಸುವ ಸುದ್ದಿಯನ್ನು ಹಿಡಿದು ಕಂಪ್ಯೂಟರಿಗೆ ಕೊಡುವ ತುಂಡು. ಅದನ್ನು ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಸಿಕ್ಕಿಸಿ ಮರೆತುಬಿಟ್ಟಿದ್ದೆ. ಎಂಟು ತಿಂಗಳು ಯಾವ ತೊಂದರೆಯೂ ಇರಲಿಲ್ಲ.

ಆಮೇಲೆ ಶುರುವಾಯಿತು. ಮೌಸ್ ಎಳೆದರೆ ಬಾಣ ಅಲ್ಲೇ ನಿಲ್ಲುವುದು, ಅರೆ ಕ್ಷಣ ಬಿಟ್ಟು ಪರದೆಯ ಇನ್ನೊಂದು ಮೂಲೆಗೆ ಹಾರುವುದು. ಟೈಪ್ ಮಾಡಿದರೆ ಅಕ್ಷರ ಮಾಯ. ಕೆಲವೊಮ್ಮೆ ಇದರ ಉಲ್ಟಾ: ಒಂದು ‘ರ’ ಒತ್ತಿದರೆ ‘ರರರರರರ’ ಅಂತ ಸಾಲು ತುಂಬುವುದು. ಇದೇಕೆ ಹೀಗೆ ಅಂತ ಆಮೇಲೆ ತಿಳಿಯಿತು. ಕೀ ಒತ್ತಿದಾಗ ಒಂದು ಸುದ್ದಿ ಹೋಗುತ್ತದೆ, ಬಿಟ್ಟಾಗ ಇನ್ನೊಂದು. ‘ಒತ್ತಿದೆ’ ಅನ್ನುವುದು ಮುಟ್ಟಿ ‘ಬಿಟ್ಟೆ’ ಅನ್ನುವುದು ದಾರಿಯಲ್ಲಿ ಕಳೆದುಹೋದರೆ, ಕಂಪ್ಯೂಟರ್ ಪಾಪ ನೀವು ಇನ್ನೂ ಒತ್ತಿಕೊಂಡೇ ಇದ್ದೀರಿ ಅಂದುಕೊಳ್ಳುತ್ತದೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಸೆಲ್ ಬದಲಿಸಿದೆ. ಇಲ್ಲೂ ಒಂದು ಎಡವಟ್ಟು. ಅಂಗಡಿಯ ಹುಡುಗ ತಂದದ್ದು ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್. ಅದು ಬೇಗ ಇಳಿಯಿತು. ಸರಿ, ಉಳಿತಾಯ ಮಾಡೋಣ ಅಂತ ರೀಚಾರ್ಜ್ ಆಗುವ ಸೆಲ್ ಹಾಕಿದೆ. ಈಗ ಮೌಸಿನ ಕೆಂಪು ದೀಪ ಮಿನುಗತೊಡಗಿತು. ಸಾಮಾನ್ಯ ಆಲ್ಕಲೈನ್ ಸೆಲ್ 1.5 ವೋಲ್ಟ್, ರೀಚಾರ್ಜ್ ಸೆಲ್ 1.2 ವೋಲ್ಟ್. ತುಂಬಿದ ಸೆಲ್ಲನ್ನೂ ಕೆಲವು ಮೌಸ್‌ಗಳು ‘ಖಾಲಿಯಾಗ್ತಿದೆ’ ಅಂದುಕೊಳ್ಳುತ್ತವೆ. ಒಳ್ಳೆಯ ಆಲ್ಕಲೈನ್ ಸೆಲ್ ಹಾಕಿದ ಮೇಲೆ ದೀಪ ಆರಿತು, ಕಾಟ ಆರಲಿಲ್ಲ.

ಮೌಸೇ ಕೆಟ್ಟಿದೆ ಅಂತ ಬೇರೆ ಕಂಪನಿಯ ಹೊಸ ಜೋಡಿ ತಂದೆ. ಎರಡು ದಿನಕ್ಕೆ ಅದೂ ಹಾಗೇ. ಮೌಸ್ ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ತೆಗೆದು ಮತ್ತೆ ಹಾಕಿದೆ. ವಿಂಡೋಸನ್ನೇ ಹೊಸದಾಗಿ ಹಾಕುವ ಯೋಚನೆಯಲ್ಲಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆ. ಹೊಸ ಜೋಡಿಯೂ ಅದೇ ರೀತಿ ಮಾಡಿದಾಗಲೇ ನನಗೆ ಹೊಳೆಯಬೇಕಿತ್ತು. ಎರಡು ಕಂಪನಿಯ ಮಾಲು ಒಂದೇ ಜಾಗದಲ್ಲಿ ಒಂದೇ ಥರ ಹಟ ಮಾಡಿದರೆ ತಪ್ಪು ಮಾಲಿನದ್ದಲ್ಲ, ಜಾಗದ್ದು ಅಲ್ವಾ?

ಬೆಂಗಳೂರಲ್ಲಿರುವ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನು ಮೌಸ್ ಬಗ್ಗೆ ಏನೂ ಕೇಳಲಿಲ್ಲ.

‘ಮಾವ, ಯಾವಾಗ ಆಗುತ್ತೆ ಅಂತ ಬರೆದಿಟ್ಟಿದ್ದೀರಾ?’

‘ಯಾವಾಗಲೂ ಆಗುತ್ತೆ ಕಣೋ.’

‘ಯಾವಾಗಲೂ ಆಗೋದಾದ್ರೆ ನೀವು ಇಷ್ಟು ದಿನ ಕೆಲಸಾನೇ ಮಾಡ್ತಿರಲಿಲ್ಲ. ಟೈಮ್ ಬರೀರಿ. ಆಗ ಏನು ಮಾಡ್ತಿದ್ರಿ ಅಂತಾನೂ ಬರೀರಿ. ಇನ್ನೊಂದು, ಮೌಸ್ ನಿಂತಾಗ ಸ್ಪೀಕರಲ್ಲಿ ಆ ಟಿಣ್ ಅನ್ನೋ ಸದ್ದು ಬರುತ್ತಾ ಇಲ್ವಾ, ಅದನ್ನ ಗಮನಿಸಿ.’

ಆ ಸದ್ದು ಅಂದರೆ ಪೆನ್ ಡ್ರೈವ್ ಹಾಕಿದಾಗ, ಕಿತ್ತಾಗ ವಿಂಡೋಸ್ ಮಾಡುತ್ತದಲ್ಲ, ಅದು. ಮೌಸ್ ನಿಂತಾಗ ಆ ಸದ್ದು ಬಂದರೆ ಡಾಂಗಲ್ಲೇ ಕಂಪ್ಯೂಟರಿನಿಂದ ಕಳಚಿಕೊಂಡಿದೆ ಅಂತ ಅರ್ಥ. ಅದನ್ನು ಸಿಕ್ಕಿಸುವ ಕಿಂಡಿ, ಅಂದರೆ ಪೋರ್ಟ್, ಸಡಿಲ ಇರಬಹುದು, ಕರೆಂಟ್ ಸಾಲದೆ ಇರಬಹುದು, ವಿಂಡೋಸ್ ಅದನ್ನು ಮಲಗಿಸಿರಬಹುದು. ಸದ್ದಿಲ್ಲದೆ ಮೌಸ್ ನಿಂತರೆ ಡಾಂಗಲ್ ತನ್ನ ಜಾಗದಲ್ಲೇ ಇದೆ, ಗಾಳಿಯಲ್ಲಿ ಬರುವ ಮಾತು ಅದಕ್ಕೆ ಕೇಳಿಸುತ್ತಿಲ್ಲ. ಇಡೀ ರಗಳೆಯಲ್ಲಿ ನಾನು ಕಲಿತ ಅತಿ ಉಪಯೋಗದ ವಿಷಯ ಇದು. ಬ್ಲೂಟೂತ್ ಮೌಸಿಗೆ ಈ ಲೆಕ್ಕ ನಡೆಯಲ್ಲ, ಡಾಂಗಲ್ ಇರುವವಕ್ಕೆ ಮಾತ್ರ.

ಹಳೆಯ ಲಗ್ನಪತ್ರಿಕೆಯೊಂದರ ಹಿಂಬದಿಯಲ್ಲಿ ಬರೆಯುತ್ತಾ ಹೋದೆ. ಐದು ದಿನ ಕಳೆಯುವಷ್ಟರಲ್ಲಿ ಎರಡು ಗುಂಪು ಕಾಣಿಸಿತು. ಒಂದು, ಸಂಜೆ ನಾಲ್ಕೂವರೆಯ ನಂತರ, ಮತ್ತೆ ಪಕ್ಕದ ಸ್ಟುಡಿಯೋದವರು ಆಲ್ಬಮ್ ಕೆಲಸ ತಂದಾಗ. ಆಗ ಸದ್ದಿಲ್ಲ, ಬರೀ ತಡವರಿಕೆ. ಇನ್ನೊಂದು, ನಾನು ಚಹಾಕ್ಕೆ ಹೋಗಿ ಬಂದ ಮೇಲೆ. ಆಗ ಮೌಸ್ ಪೂರ್ತಿ ಸತ್ತಂತೆ, ನಾಲ್ಕೈದು ಸೆಕೆಂಡ್ ಅಲ್ಲಾಡಿಸಿದರೆ ಟಿಣ್ ಅಂದು ಏಳುತ್ತಿತ್ತು. ಅಂದರೆ ಒಂದು ಕಾಯಿಲೆ ಅಲ್ಲ, ಎರಡು! ಇಷ್ಟು ದಿನ ಎರಡನ್ನೂ ಒಂದೇ ಅಂದುಕೊಂಡು ಒಂದೇ ಔಷಧಿ ಹುಡುಕುತ್ತಿದ್ದೆ.

ಸಂಜೆ ನಾಲ್ಕೂವರೆಗೆ ಏನಾಗುತ್ತೆ? ದಿನದ ಕೆಲಸವನ್ನು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಕಾಪಿ ಹಾಕುತ್ತೇನೆ. ಸ್ಟುಡಿಯೋದವರು ತರುವುದೂ ಹಾರ್ಡ್ ಡಿಸ್ಕೇ. ಆ ಡಿಸ್ಕ್ ನಾನು ಕೊಂಡದ್ದು ಯಾವಾಗ ಅಂತ ಬಿಲ್ ತೆಗೆದು ನೋಡಿದೆ. ಕಾಟ ಶುರುವಾದ ವಾರದಲ್ಲೇ.

ಪರೀಕ್ಷೆ ಮಾಡಿದೆ. ಮದುವೆ ಫೋಟೋಗಳ 40 ಜಿಬಿಯ ಫೋಲ್ಡರ್ ಕಾಪಿಗೆ ಹಾಕಿ ಮೌಸನ್ನು ನಿಧಾನ ಸುತ್ತಿಸಿದೆ. ಬಾಣ ಕುಂಟತೊಡಗಿತು. ಕಾಪಿ ನಿಲ್ಲಿಸಿ ಡಿಸ್ಕ್ ಕಿತ್ತೆ, ಬೆಣ್ಣೆಯಂತೆ ಓಡಿತು. ಮತ್ತೆ ಹಾಕಿದೆ, ಮತ್ತೆ ಕುಂಟು. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಕ್ಯಾಬಿನೆಟ್ ಹಿಂದೆ ಬಗ್ಗಿ ನೋಡಿದರೆ ಹಾರ್ಡ್ ಡಿಸ್ಕಿನ ವೈರ್ ನೀಲಿ ಪೋರ್ಟಿನಲ್ಲಿ, ಅದಕ್ಕೆ ಭುಜಕ್ಕೆ ಭುಜ ತಾಗಿಸಿಕೊಂಡು ನನ್ನ ಡಾಂಗಲ್.

ನೀಲಿ ಪೋರ್ಟ್ ಅಂದರೆ ಸಾಮಾನ್ಯವಾಗಿ ಯುಎಸ್‌ಬಿ 3. ಅದರಲ್ಲಿ ಮಾಹಿತಿ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಓಡುತ್ತದೆ. ಅಷ್ಟು ವೇಗದಲ್ಲಿ ಓಡುವಾಗ ವೈರು, ಕನೆಕ್ಟರ್, ಡಿಸ್ಕಿನ ಡಬ್ಬಿಗಳಿಂದ ಒಂದಿಷ್ಟು ರೇಡಿಯೋ ಗಲಾಟೆ ಹೊರಗೆ ಸೋರುತ್ತದೆ. ಆ ಗಲಾಟೆ 2.4 ಗಿಗಾಹರ್ಟ್ಸ್ ಸುತ್ತಮುತ್ತಲೂ ಹರಡಿರುತ್ತದೆ. ನಮ್ಮ ವೈರ್‌ಲೆಸ್ ಮೌಸ್, ಕೀಬೋರ್ಡ್, ಬ್ಲೂಟೂತ್, ಹಳೆಯ ವೈಫೈ ಎಲ್ಲ ಮಾತಾಡುವುದೂ ಅಲ್ಲೇ. ಇದೇನು ಗುಟ್ಟಿನ ವಿಷಯ ಅಲ್ಲ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಅಳೆದು ಪ್ರಕಟಿಸಿದೆ. ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಹಾಕಿದಾಗ ಆ ಜಾಗದ ಗಲಾಟೆ ಸುಮಾರು 20 ಡೆಸಿಬಲ್ ಏರಿತು ಅಂತ ಅದರಲ್ಲಿದೆ. 20 ಡೆಸಿಬಲ್ ಅಂದರೆ ಶಕ್ತಿಯ ಲೆಕ್ಕದಲ್ಲಿ ನೂರು ಪಟ್ಟು. ಜಾತ್ರೆಯ ಮೈಕಿನ ಕೆಳಗೆ ನಿಂತವನ ಕಿವಿಗೆ ದೂರದಿಂದ ಪಿಸುಗುಟ್ಟಿದ ಹಾಗೆ. ನನ್ನ ಕೀಬೋರ್ಡ್ ‘ಎಫ್, ಎಫ್’ ಅಂತ ಕೂಗುತ್ತಲೇ ಇತ್ತು, ಡಾಂಗಲ್ಲಿಗೆ ಕೇಳಿಸುತ್ತಿರಲಿಲ್ಲ ಅಷ್ಟೇ. ಸಾಲದ್ದಕ್ಕೆ ನಡುವೆ ಕ್ಯಾಬಿನೆಟ್ಟಿನ ತಗಡು, ಮೇಲೆ ಕಬ್ಬಿಣದ ಮೇಜು.

ಮೊದಲು ಡಾಂಗಲ್ಲನ್ನು ಹಿಂದೆಯೇ ಇದ್ದ ಕಪ್ಪು ಪೋರ್ಟಿಗೆ (ಅದು ಹಳೆಯ ಯುಎಸ್‌ಬಿ 2) ಬದಲಿಸಿದೆ. ಸ್ವಲ್ಪ ಸುಧಾರಿಸಿತು, ಪೂರ್ತಿ ಹೋಗಲಿಲ್ಲ. ಕಪ್ಪು ಪೋರ್ಟಿಗೂ ನೀಲಿ ಪೋರ್ಟಿಗೂ ಇದ್ದ ಅಂತರವೇ ಮೂರು ಬೆರಳು, ಪೋರ್ಟಿನ ಬಣ್ಣ ಬದಲಾದರೆ ಗಲಾಟೆ ಎಲ್ಲಿಗೆ ಹೋಗುತ್ತೆ? ಹಾರ್ಡ್ ಡಿಸ್ಕನ್ನೇ ಕಪ್ಪು ಪೋರ್ಟಿಗೆ ಹಾಕಿದೆ. ಮೌಸ್ ಸರಿಹೋಯಿತು, ಆದರೆ ಕಾಪಿ ಆಮೆಯಾಯಿತು. ಯುಎಸ್‌ಬಿ 2ರಲ್ಲಿ ಸೆಕೆಂಡಿಗೆ 30–40 ಎಂಬಿ ದಾಟುವುದು ಕಷ್ಟ. ನೀಲಿಯಲ್ಲಿ ಅದೇ ಡಿಸ್ಕ್ ನೂರರ ಮೇಲೆ ಓಡುತ್ತಿತ್ತು. ಏಳು ಗಂಟೆಗೆ ಬಾಗಿಲು ಹಾಕಬೇಕಾದವನಿಗೆ ಅದು ಆಗದ ಮಾತು.

ಕೊನೆಗೆ ಗೆದ್ದದ್ದು ಒಂದು ಮೀಟರ್ ಉದ್ದದ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್. ಯುಎಸ್‌ಬಿ 2ರದ್ದೇ ಸಾಕು, ನೂರು ಚಿಲ್ಲರೆ ರೂಪಾಯಿ. ಒಂದು ತುದಿ ಕಪ್ಪು ಪೋರ್ಟಿಗೆ, ಇನ್ನೊಂದು ತುದಿಗೆ ಡಾಂಗಲ್ ಸಿಕ್ಕಿಸಿ ಮಾನಿಟರಿನ ಕಾಲಿಗೆ ಡಬಲ್ ಟೇಪ್ ಹಾಕಿ ಅಂಟಿಸಿದೆ. ಈಗ ಡಾಂಗಲ್ ಕೀಬೋರ್ಡಿನಿಂದ ಒಂದೂವರೆ ಗೇಣು ದೂರದಲ್ಲಿದೆ, ಹಾರ್ಡ್ ಡಿಸ್ಕಿನಿಂದ ಮೂರು ಅಡಿ. 40 ಜಿಬಿ ಕಾಪಿ ಹಾಕಿ ‘ಪ್ರಸನ್ನ’ ಅಂತ ಐವತ್ತು ಸಲ ಟೈಪ್ ಮಾಡಿದೆ. ಐವತ್ತಕ್ಕೂ ಒತ್ತು ಬಂತು. ಅಂಗಡಿಯ ಹುಡುಗ ನನಗೇನೋ ಆಗಿದೆ ಅಂತ ನೋಡುತ್ತಿದ್ದ.

ವೈಫೈ ರೂಟರ್ ಕೂಡ ಕ್ಯಾಬಿನೆಟ್ ಮೇಲೆಯೇ ಕೂತಿತ್ತು. ಅದನ್ನು ಗೋಡೆಗೆ ಏರಿಸಿದೆ, ಕಂಪ್ಯೂಟರನ್ನು 5 ಗಿಗಾಹರ್ಟ್ಸ್ ವೈಫೈಗೆ ಜೋಡಿಸಿದೆ. ಇದರಿಂದ ಎಷ್ಟು ಲಾಭವಾಯಿತು ಅಂತ ಬೇರೆಯಾಗಿ ಪರೀಕ್ಷಿಸಲಿಲ್ಲ.

ಇನ್ನು ಚಹಾದ ಕಾಯಿಲೆ. ಇದು ಸುಲಭವಾಗಿಯೇ ಹೋಯಿತು. ಕರೆಂಟ್ ಉಳಿಸಲು ವಿಂಡೋಸ್ ಕೆಲಸವಿಲ್ಲದ ಯುಎಸ್‌ಬಿ ಸಾಮಾನುಗಳನ್ನು ಮಲಗಿಸುತ್ತದೆ. ಲ್ಯಾಪ್‌ಟಾಪಿಗೆ ಸರಿ, ಡೆಸ್ಕ್‌ಟಾಪಿಗೆ ಯಾಕೋ ಗೊತ್ತಿಲ್ಲ. ಕೆಲವು ಡಾಂಗಲ್‌ಗಳು ಮಲಗಿದರೆ ಸರಿಯಾಗಿ ಏಳುವುದಿಲ್ಲ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆದೆ. ಯೂನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್ ಕೆಳಗೆ ಯುಎಸ್‌ಬಿ ರೂಟ್ ಹಬ್ ಅಂತ ಇರುತ್ತದೆ. ಅದರ ಪ್ರಾಪರ್ಟೀಸ್‌ನಲ್ಲಿ ಪವರ್ ಮ್ಯಾನೇಜ್‌ಮೆಂಟ್ ಅನ್ನುವ ಪುಟ. ಅಲ್ಲಿ ಕರೆಂಟ್ ಉಳಿಸಲು ಈ ಸಾಮಾನನ್ನು ಆರಿಸಬಹುದು ಅನ್ನುವ ಸಾಲಿನ ಟಿಕ್ ತೆಗೆದೆ. ರೂಟ್ ಹಬ್ ಒಂದಕ್ಕಿಂತ ಜಾಸ್ತಿ ಇದ್ದರೆ ಎಲ್ಲದಕ್ಕೂ ತೆಗೆಯಬೇಕು. ಪವರ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅನ್ನುವುದನ್ನೂ ಡಿಸೇಬಲ್ ಮಾಡಿದೆ. ಅವತ್ತಿನಿಂದ ಚಹಾ ಕುಡಿದು ಬಂದರೆ ಮೌಸ್ ಎಚ್ಚರವಾಗಿಯೇ ಇರುತ್ತದೆ. ಇವನ್ನೆಲ್ಲ ಮಾಡುವಾಗ ವೈರಿನ ಮೌಸ್ ಒಂದು ಕೈಯಲ್ಲಿರಲಿ. ಸೆಟ್ಟಿಂಗ್ ಅರ್ಧದಲ್ಲಿದ್ದಾಗ ಇದ್ದೊಂದು ಮೌಸ್ ಕೈಕೊಟ್ಟರೆ ಪಜೀತಿ.

ಈ ಅನುಭವದ ಜಂಬದಲ್ಲಿ ಮನೆಯ ಡೆಸ್ಕ್‌ಟಾಪಿಗೂ ಕೈ ಹಾಕಿದೆ. ಮಗಳ ಬ್ಲೂಟೂತ್ ಹೆಡ್‌ಫೋನ್ ಕುರ್ಚಿ ಹಿಂದೆ ಸರಿಸಿದರೆ ಕಟ್ ಆಗುತ್ತಿತ್ತು. ಅಲ್ಲಿ ಹಾರ್ಡ್ ಡಿಸ್ಕೂ ಇಲ್ಲ, ಡಾಂಗಲ್ಲೂ ಇಲ್ಲ, ಬ್ಲೂಟೂತ್ ಮದರ್‌ಬೋರ್ಡಿನಲ್ಲೇ ಇದೆ. ಒಂದು ಸಂಜೆ ಪೂರ್ತಿ ಡ್ರೈವರ್ ಹಾಕಿದೆ, ತೆಗೆದೆ. ಆಮೇಲೆ ಕ್ಯಾಬಿನೆಟ್ ತಿರುಗಿಸಿದರೆ ಹಿಂದೆ ಎರಡು ಹಿತ್ತಾಳೆ ಬಣ್ಣದ ತಿರುಪುಗಳು ಬೋಳಾಗಿ ನಿಂತಿದ್ದವು. ಆಂಟೆನಾ ಹಾಕುವ ಜಾಗ! ವೈಫೈ, ಬ್ಲೂಟೂತ್ ಎರಡಕ್ಕೂ ಅದೇ ಆಂಟೆನಾ. ಇಂಟರ್ನೆಟ್ ವೈರಿನಲ್ಲಿ ಬರುತ್ತಿದ್ದುದರಿಂದ ವೈಫೈ ನಾವು ಬಳಸಿಯೇ ಇರಲಿಲ್ಲ, ಹಾಗಾಗಿ ಗೊತ್ತಾಗಿರಲಿಲ್ಲ. ಕಂಪ್ಯೂಟರ್ ಜೋಡಿಸಿಕೊಟ್ಟವರು ಆಂಟೆನಾಗಳನ್ನು ಹಾಕದೆ ಮದರ್‌ಬೋರ್ಡಿನ ಡಬ್ಬಿಯಲ್ಲೇ ಬಿಟ್ಟಿದ್ದರು. ಅಟ್ಟದಿಂದ ಡಬ್ಬಿ ಇಳಿಸಿ, ಧೂಳು ಒರೆಸಿ, ತಿರುಗಿಸಿ ಕೂರಿಸಿದ್ದು ಎರಡು ನಿಮಿಷದ ಕೆಲಸ. ಈಗ ಮಗಳು ಹೆಡ್‌ಫೋನ್ ಹಾಕಿಕೊಂಡೇ ಅಡುಗೆಮನೆಯವರೆಗೆ ಬರುತ್ತಾಳೆ, ಕರೆದರೆ ಕೇಳಿಸುವುದಿಲ್ಲ. ಅದು ಬೇರೆ ತೊಂದರೆ.

ನಾನು ಕೆಟ್ಟಿದೆ ಅಂತ ಮೂಲೆಗೆ ಹಾಕಿದ್ದ ಹಳೆಯ ಜೋಡಿಯೂ ಮನೆಯ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಓಡುತ್ತಿದೆ. ಹೊಸದಕ್ಕೆ ಕೊಟ್ಟ ದುಡ್ಡು ಸುಮ್ನೆ ದಂಡ.

ಮೊನ್ನೆ ಅದೇ ಯಜಮಾನರು ಎರಡನೇ ಮಗಳ ಮದುವೆಗೆ ಪತ್ರಿಕೆ ಮಾಡಿಸಲು ಬಂದರು. ಪ್ರೂಫ್ ಕೊಟ್ಟೆ. ತಲೆಯ ಸಾಲಿನಲ್ಲಿ ಒಂದೊಂದು ಒತ್ತಿನ ಮೇಲೂ ಬೆರಳಿಟ್ಟು ಓದಿದರು. ನಾನು ಎದೆಯುಬ್ಬಿಸಿ ನಿಂತಿದ್ದೆ. ಬೆರಳು ಕೆಳಗಿಳಿಯುತ್ತಾ ಹೋಗಿ ಮುಹೂರ್ತದ ಸಾಲಿನಲ್ಲಿ ನಿಂತಿತು.

‘ಸ್ವಾಮಿ, ಮುಹೂರ್ತ ಹನ್ನೊಂದು ಇಪ್ಪತ್ತಕ್ಕೆ. ನೀವು ಹನ್ನೆರಡು ಹತ್ತು ಮಾಡಿದ್ದೀರಿ.’

ಅದು ನಾನೇ ಮಾಡಿದ ತಪ್ಪು.