ಮಹಿಳೆಯರ ಹಾಯಿದೋಣಿ ರೆಗಟಾಗೆ ತಂಡ ಕಟ್ಟುವ ಬಗೆ

ಮಹಿಳೆಯರಿಗಾಗಿಯೇ ನಡೆಯುವ ರೆಗಟಾಗೆ, ಅಂದರೆ ದೋಣಿಗಳ ಸ್ಪರ್ಧಾಕೂಟಕ್ಕೆ, ಹೆಸರು ಕೊಡುವ ಮೊದಲು ಸ್ಪರ್ಧೆಯ ಪ್ರಕಟಣೆಯನ್ನು, ಅಂದರೆ ನೋಟಿಸ್ ಆಫ್ ರೇಸ್ ಎಂದು ಕರೆಯುವ ಕಾಗದವನ್ನು, ಕೊನೆಯ ಸಾಲಿನವರೆಗೂ ಓದಬೇಕು. ಏಕೆಂದರೆ 'ಮಹಿಳಾ ತಂಡ' ಎಂಬ ಮಾತಿಗೆ ಎಲ್ಲ ಕಡೆಯೂ ಒಂದೇ ಅರ್ಥವಿಲ್ಲ. ಕೆಲವೆಡೆ ದೋಣಿಯ ಮೇಲೆ ಹೆಂಗಸರಲ್ಲದೆ ಬೇರಾರೂ ಇರುವಂತಿಲ್ಲ. ಕೆಲವೆಡೆ ಚುಕ್ಕಾಣಿ ಹೆಣ್ಣಿನ ಕೈಯಲ್ಲಿದ್ದರೆ ಸಾಕು. ದೋಣಿಯ ಮಾಲೀಕ ಗಂಡಸಾಗಿದ್ದರೆ ಅವನು ಏನನ್ನೂ ಮುಟ್ಟದೆ ಕೂತಿರಬಹುದೆಂಬ ನಿಯಮವೂ ಕೆಲವೆಡೆ ಉಂಟು. ತನ್ನ ದೋಣಿಯಲ್ಲೇ ಕೈಕಟ್ಟಿ ಕೂರುವುದು ಅವನಿಗೆ ಎಂಥ ಸಂಕಟವೆಂಬುದು ಕಂಡವರಿಗಷ್ಟೇ ಗೊತ್ತು. ಆದ್ದರಿಂದ ಅವನನ್ನು ದಡದಲ್ಲೇ ಬಿಟ್ಟು ಹೋಗುವುದು ಇಬ್ಬರಿಗೂ ಕ್ಷೇಮ.

ಉದಾಹರಣೆಗೆ ಜೆ/24 ದೋಣಿಯನ್ನೇ ಇಟ್ಟುಕೊಳ್ಳೋಣ. ಅಮೆರಿಕದ ರಾಡ್ ಜಾನ್‌ಸ್ಟನ್ 1970ರ ದಶಕದಲ್ಲಿ ರೂಪಿಸಿದ, 7.32 ಮೀಟರ್ ಉದ್ದದ ಈ ದೋಣಿ ಜಗತ್ತಿನ ಎಷ್ಟೋ ಬಂದರುಗಳಲ್ಲಿದೆ, ಮುಂಬೈಯಲ್ಲೂ ಇದೆ. ಸಾಮಾನ್ಯವಾಗಿ ಐದು ಜನ ಇದನ್ನು ನಡೆಸುತ್ತಾರೆ, ತಂಡದ ಒಟ್ಟು ತೂಕ 400 ಕಿಲೋ ಮೀರುವಂತಿಲ್ಲ. ಗಂಡಸರ ತಂಡಗಳು ಈ ಮಿತಿಯ ಹತ್ತಿರಕ್ಕೇ ಬಂದು ನಿಲ್ಲುತ್ತವೆ. ತಲಾ 60 ಕಿಲೋ ತೂಗುವ ಐವರು ಹೆಂಗಸರು ಸೇರಿದರೆ 300 ಕಿಲೋ. ಅಂದರೆ ಗಾಳಿ ಜೋರಾದಾಗ ದೋಣಿ ವಾಲದಂತೆ ಅಂಚಿನಲ್ಲಿ ಕೂತು ಒತ್ತುವ ಭಾರದಲ್ಲಿ ಒಂದು ಕ್ವಿಂಟಲ್ ಖೋತಾ.

ಈ ಕೊರತೆಗೆ ದೊಡ್ಡ ಸ್ಪರ್ಧೆಗಳು ಎರಡು ಪರಿಹಾರ ಕಂಡುಕೊಂಡಿವೆ. ಒಂದು, ಜನರನ್ನು ಹೆಚ್ಚಿಸುವುದು: ಜಗತ್ತನ್ನು ಸುತ್ತುವ ವೋಲ್ವೊ ಓಷನ್ ರೇಸಿನಲ್ಲಿ 2014–15ರಲ್ಲಿ ಗಂಡಸರ ತಂಡಕ್ಕೆ ಎಂಟು ನಾವಿಕರೆಂದಿದ್ದರೆ, ಮಹಿಳೆಯರ ಟೀಮ್ ಎಸ್‌ಸಿಎ ತಂಡಕ್ಕೆ 11 ಮಂದಿಗೆ ಅವಕಾಶವಿತ್ತು. ಲಿಸ್ಬನ್‌ನಿಂದ ಲೋರಿಯಾಂಗೆ ಹೋಗುವ ಹಂತವನ್ನು ಆ ತಂಡ ಗೆದ್ದಿತು. ಆ ಸ್ಪರ್ಧೆಯಲ್ಲಿ ಮಹಿಳಾ ತಂಡವೊಂದು ಹಂತ ಗೆದ್ದದ್ದು, 1989–90ರಲ್ಲಿ ಟ್ರೇಸಿ ಎಡ್ವರ್ಡ್ಸ್ ನಾಯಕತ್ವದ 'ಮೇಡನ್' ಎರಡು ಹಂತ ಗೆದ್ದ ಮೇಲೆ, ಅದೇ ಮೊದಲು. ಇನ್ನೊಂದು, ಹಾಯಿಯನ್ನು ಕುಗ್ಗಿಸುವುದು: ಒಲಿಂಪಿಕ್ಸಿನ 49ಇಆರ್ ಎಫ್‌ಎಕ್ಸ್ ವರ್ಗದಲ್ಲಿ ಗಂಡಸರ 49ಇಆರ್ ದೋಣಿಯ ಒಡಲೇ ಇದ್ದು, ಹಾಯಿ ಮತ್ತು ಅದರ ಕಂಬ ಮಾತ್ರ ಚಿಕ್ಕವು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ವರ್ಷಾ ಗೌತಮ್ ಮತ್ತು ಶ್ವೇತಾ ಶೇರ್ವೇಗಾರ್ ಬೆಳ್ಳಿ ಗೆದ್ದದ್ದು ಈ ವರ್ಗದಲ್ಲಿ. ಕ್ಲಬ್ ಮಟ್ಟದ ತಂಡಕ್ಕೂ ಇದೇ ಎರಡು ದಾರಿ. ಪ್ರಕಟಣೆ ಒಪ್ಪಿದರೆ ಆರನೆಯವಳನ್ನು ಹತ್ತಿಸಿಕೊಳ್ಳಿ. ಗಾಳಿ ಏರಿದಾಗ ಪಕ್ಕದ ದೋಣಿಗಳಿಗಾಗಿ ಕಾಯದೆ, ಅವರಿಗಿಂತ ಮೊದಲೇ ಬ್ಯಾಕ್‌ಸ್ಟೇ (ಹಾಯಿಕಂಬವನ್ನು ಹಿಂದಕ್ಕೆ ಸೆಳೆದು ಹಿಡಿಯುವ ತಂತಿ) ಬಿಗಿದು ದೊಡ್ಡ ಹಾಯಿಯನ್ನು ಚಪ್ಪಟೆ ಮಾಡಿ, ಟ್ರಾವೆಲರನ್ನು (ದೊಡ್ಡ ಹಾಯಿಯ ಹಗ್ಗವನ್ನು ಅಡ್ಡಡ್ಡ ಜರುಗಿಸುವ ಗಾಲಿ) ಗಾಳಿಮರೆಯ ಕಡೆಗೆ ಇಳಿಸಿ, ಜೆನೋವಾ ಎಂಬ ದೊಡ್ಡ ಮುಂದಿನ ಹಾಯಿ ತೆಗೆದು ಜಿಬ್ ಎಂಬ ಚಿಕ್ಕದನ್ನು ಕಟ್ಟಿ. ಗಾಳಿ ಮಂದವಾಗಿದ್ದ ದಿನ ಹಗುರ ತಂಡವೇ ಲಾಭದಲ್ಲಿರುತ್ತದೆ. ಆ ದಿನ ಏನೂ ಮಾಡದೆ ಅಲುಗಾಡದೆ ಕೂರುವುದನ್ನು ಕಲಿತರೆ ಸಾಕು.

ಇನ್ನು ಯಾರು ಎಲ್ಲಿ ಎಂಬ ಪ್ರಶ್ನೆ. ಮಿಶ್ರ ತಂಡಗಳಲ್ಲಿ ಹೆಂಗಸರಿಗೆ ಸಿಗುವ ಜಾಗ ಹೆಚ್ಚಾಗಿ ಅಂಚಿನಲ್ಲಿ ಕೂರುವುದೋ ನಡುವೆ ನಿಂತು ಹಗ್ಗ ಸುತ್ತಿಡುವುದೋ ಆಗಿರುತ್ತದೆ. ಹೀಗಾಗಿ ಹತ್ತು ವರ್ಷ ಸೇಲಿಂಗ್ ಮಾಡಿದವಳೂ ಸ್ಟಾರ್ಟಿನಲ್ಲಿ ಚುಕ್ಕಾಣಿ ಹಿಡಿದಿರುವುದಿಲ್ಲ. ಆದ್ದರಿಂದ ಮಾಮೂಲಿ ಕೆಲಸವನ್ನೇ ಹಂಚಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲ ಎರಡು ಅಭ್ಯಾಸಗಳಲ್ಲಿ ಐವರೂ ಐದೂ ಜಾಗಗಳಲ್ಲಿ ನಿಂತು ನೋಡಲಿ. ಮೂರನೆಯದರಲ್ಲಿ ಜಾಗ ಗೊತ್ತುಮಾಡಿ, ಆಮೇಲೆ ರೆಗಟಾ ಮುಗಿಯುವವರೆಗೂ ಬದಲಿಸಬೇಡಿ. ಚುಕ್ಕಾಣಿಗಿಂತ ಮೊದಲು ತುಂಬಬೇಕಾದ ಜಾಗ ಟ್ರಿಮ್ಮರಿನದು. ಮುಂದಿನ ಹಾಯಿಯನ್ನು ಅವಳು ಸರಿಯಾಗಿ ಎಳೆದು ಬಿಡುತ್ತಿದ್ದರೆ ಚುಕ್ಕಾಣಿಯವಳ ಅರ್ಧ ತಪ್ಪು ಮುಚ್ಚಿಹೋಗುತ್ತದೆ. ಕೂಗುವ ಮಾತುಗಳನ್ನೂ ಮೊದಲೇ ಒಪ್ಪಿಕೊಂಡಿರಬೇಕು. ತಂಡದಲ್ಲಿ ಕನ್ನಡದವರೇ ಇದ್ದರೆ 'ಎಳೆ', 'ಹಿಡಿ', 'ಬಿಡು' ಎಂಬ ಮಾತುಗಳಷ್ಟು ಚುಟುಕಾದ ಆಜ್ಞೆ ಬೇರೆ ಬೇಕಿಲ್ಲ.

ತೋಳ್ಬಲದ ಮಾತು ಬಂದಾಗಲೆಲ್ಲ ನಾನು ಟ್ಯಾಕ್ ಮಾಡುವ, ಅಂದರೆ ಮೂತಿಯನ್ನು ಗಾಳಿಗೆ ಅಡ್ಡಹಾಯಿಸಿ ದೋಣಿಯನ್ನು ಇನ್ನೊಂದು ಬದಿಗೆ ತಿರುಗಿಸುವ, ಹೊತ್ತನ್ನು ತೋರಿಸುತ್ತೇನೆ. ದೋಣಿಯ ಮೂತಿ ಗಾಳಿಗೆ ನೇರವಾಗಿ ಹಾಯುವಾಗ ಜಿಬ್ಬಿನಲ್ಲಿ ಭಾರವೇ ಇರುವುದಿಲ್ಲ. ಹಾಯಿ ಒಣಹಾಕಿದ ಬಟ್ಟೆಯಂತೆ ಪಟಪಟಿಸುತ್ತದೆ. ಈ ಸ್ಥಿತಿ ಎರಡು ಸೆಕೆಂಡು ಇದ್ದರೆ ಹೆಚ್ಚು. ಅಷ್ಟರೊಳಗೆ ಹೊಸ ಬದಿಯ ಶೀಟನ್ನು, ಅಂದರೆ ಹಾಯಿ ಎಳೆಯುವ ಹಗ್ಗವನ್ನು, ಮೊಳ ಮೊಳವಾಗಿ, ಬಾವಿಯಿಂದ ನೀರು ಸೇದುವ ಹಾಗೆ, ಎರಡೂ ಕೈಯಲ್ಲಿ ಸರಸರನೆ ಸೆಳೆದುಬಿಟ್ಟರೆ ಉಳಿಯುವುದು ಒಂದು ಗೇಣು ಮಾತ್ರ. ಅದಕ್ಕೆ ವಿಂಚಿನ (ಹಗ್ಗ ಸುತ್ತಿ ಬಿಗಿಯುವ ಉರುಳೆಯ) ಹಿಡಿಕೆ ಸಾಕು. ಆ ಎರಡು ಸೆಕೆಂಡು ತಪ್ಪಿ ಹಾಯಿ ತುಂಬಿಕೊಂಡಿತೋ, ಆಮೇಲೆ ಎಂಥ ಗಟ್ಟಿಗನೂ ಬೆವರಬೇಕು. ವಿಂಚಿನ ಮೇಲೆ ಹಗ್ಗವನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಸುತ್ತಬೇಕು: ಸೆಳೆಯುವಾಗ ಒಂದೆರಡು ಸುತ್ತು, ಭಾರ ಬಿದ್ದ ಕೂಡಲೇ ಇನ್ನೊಂದು. ಮೊದಲೇ ಹೆಚ್ಚು ಸುತ್ತಿದರೆ ಸುತ್ತಿನ ಮೇಲೆ ಸುತ್ತು ಹತ್ತಿ ಹಗ್ಗ ಕಚ್ಚಿಕೊಳ್ಳುತ್ತದೆ. ಬೆರಳನ್ನಂತೂ ಹಗ್ಗ ಮತ್ತು ವಿಂಚಿನ ನಡುವೆ ಎಂದೂ ಹೋಗಗೊಡಬಾರದು.

ಗಾಳಿ ಹಿಂದಿನಿಂದ ಬರುವಾಗ ಏರಿಸುವ ಬಲೂನಿನಂಥ ಹಾಯಿ, ಸ್ಪಿನೇಕರ್ ವಿಷಯದಲ್ಲಿ ಏರಿಸುವುದಕ್ಕಿಂತ ಇಳಿಸುವುದನ್ನು ಹೆಚ್ಚು ಅಭ್ಯಾಸ ಮಾಡಿ. ಕೆಳಗಿನ, ಅಂದರೆ ಗಾಳಿ ಸಾಗುವ ಕಡೆಯ, ಗುರುತಿನ ತೇಲುಬುರುಡೆ ಇನ್ನೂ ದೂರವಿದೆ ಎನ್ನಿಸುವಾಗಲೇ ಇಳಿಸಲು ಶುರುಮಾಡಬೇಕು. ಹತ್ತು ಮೀಟರ್ ಲಾಭದ ಆಸೆಗೆ ತಡಮಾಡಿ, ನೀರಿಗೆ ಬಿದ್ದ ಹಾಯಿಯನ್ನು ಬಲೆಯಂತೆ ಎಳೆಯುತ್ತ ತಿರುಗುವ ತಂಡ ಮೂರು ಸ್ಥಾನ ಕಳೆದುಕೊಳ್ಳುತ್ತದೆ.

ಸ್ಟಾರ್ಟಿಗೆ ಐದು ನಿಮಿಷ ಮೊದಲು ವರ್ಗದ ಬಾವುಟ ಏರುತ್ತದೆ, ನಾಲ್ಕು ನಿಮಿಷಕ್ಕೆ ಸಿದ್ಧತೆಯ ಬಾವುಟ. ಒಂದು ನಿಮಿಷ ಉಳಿದಾಗ ಸಿದ್ಧತೆಯದು ಇಳಿಯುತ್ತದೆ, ವರ್ಗದ್ದು ಇಳಿದಾಗ ಸ್ಟಾರ್ಟ್. ಕಿವಿಯನ್ನಲ್ಲ, ಕಣ್ಣನ್ನು ನಂಬಬೇಕು. ಸಮಯದ ಲೆಕ್ಕ ಬಾವುಟದ್ದು, ಸದ್ದಿನದಲ್ಲ. ಅದಕ್ಕೂ ಮೊದಲು ಸ್ಟಾರ್ಟ್ ಗೆರೆಯ ನಡುವೆ ದೋಣಿಯನ್ನು ಗಾಳಿಗೆ ನೇರವಾಗಿ ನಿಲ್ಲಿಸಿ ನೋಡಿ: ಮೂತಿ ಗೆರೆಯ ಯಾವ ತುದಿಯ ಕಡೆ ವಾಲುತ್ತದೆಯೋ ಆ ತುದಿ ಗಾಳಿಗೆ ಹತ್ತಿರ. ಗೆರೆಯ ಎರಡು ತುದಿಗಳನ್ನು ಕೂಡಿಸಿದ ದೃಷ್ಟಿ ದಡದ ಯಾವ ಕಟ್ಟಡಕ್ಕೆ ತಾಗುತ್ತದೆಂದು ಗುರುತಿಟ್ಟುಕೊಂಡರೆ ಗೆರೆ ಎಲ್ಲಿದೆಯೆಂದು ಊಹಿಸಬೇಕಾಗುವುದಿಲ್ಲ. ಈ ಪಾಠವನ್ನು ನಾನು ಕಲಿತದ್ದು ಮುಂಬೈಯಲ್ಲಿ. ಅಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರವಿಳಿತದ ಅಂತರ ನಾಲ್ಕು ಮೀಟರ್ ದಾಟುವುದುಂಟು. ನೀರು ನಿಂತಿದ್ದಾಗ ನಾವು ಗೆರೆಗೆ ಓಡುವ ಸಮಯವನ್ನು ಅಳೆದಿದ್ದೆವು. ಸ್ಟಾರ್ಟಿನ ಹೊತ್ತಿಗೆ ಉಬ್ಬರ ಶುರುವಾಗಿ ನೀರೇ ನಮ್ಮನ್ನು ಗೆರೆಯಾಚೆ ತಳ್ಳಿತು. ಗೆರೆಯನ್ನು ಮೊದಲೇ ದಾಟಿದವರನ್ನು ಹಿಂದಕ್ಕೆ ಕರೆಯುವ ಎಕ್ಸ್ ಬಾವುಟ ಏರಿದ್ದನ್ನು ಐವರಲ್ಲಿ ಒಬ್ಬಳೂ ನೋಡಲಿಲ್ಲ. ಇಡೀ ರೇಸನ್ನು ಹುಮ್ಮಸ್ಸಿನಿಂದ ಓಡಿ ಮುಗಿಸಿದ ಮೇಲೆ, ಲೆಕ್ಕಕ್ಕೇ ಇಲ್ಲವೆಂದು ತಿಳಿಯಿತು. ಅಂದಿನಿಂದ ಸ್ಟಾರ್ಟ್ ಆದ ಬಳಿಕ ಹಿಂದಿರುಗಿ ಬಾವುಟ ನೋಡುವುದನ್ನೇ ಒಬ್ಬಳ ಕೆಲಸವಾಗಿ ಬರೆದಿಟ್ಟಿದ್ದೇವೆ.

ನಿಯಮಗಳ ಪುಸ್ತಕವನ್ನು ಈ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಸೇಲಿಂಗ್ ನಾಲ್ಕು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತದೆ, ಈಗಿನದು 2025–2028ರದು. ಎಲ್ಲರೂ ಎಲ್ಲವನ್ನೂ ಓದಲಾರರು, ಆದರೆ ಮೂರನ್ನು ಐವರೂ ಬಾಯಿಪಾಠ ಮಾಡಬೇಕು. ಎಡಬದಿಯಿಂದ ಗಾಳಿ ಪಡೆಯುವ ದೋಣಿಯು ಬಲಬದಿಯಿಂದ ಪಡೆಯುವ ದೋಣಿಗೆ ದಾರಿ ಬಿಡಬೇಕು. ಒಂದೇ ಬದಿಯ ಗಾಳಿಯಲ್ಲಿ ಅಕ್ಕಪಕ್ಕ ಸಾಗುವಾಗ ಗಾಳಿಯ ಕಡೆಯ ದೋಣಿ ದೂರ ಸರಿಯಬೇಕು. ಗುರುತಿನ ಸುತ್ತ ಮೂರು ದೋಣಿಯುದ್ದದ ವಲಯ ಮುಟ್ಟುವಾಗ ಒಳಗಿರುವ ದೋಣಿಗೆ ಜಾಗ ಕೊಡಬೇಕು. ನಿಯಮ ಮುರಿದು ಇನ್ನೊಂದು ದೋಣಿಗೆ ಅಡ್ಡಿ ಮಾಡಿದೆವೆಂದು ಗೊತ್ತಾದರೆ ಚರ್ಚೆಗೆ ನಿಲ್ಲದೆ ಕೂಡಲೇ ಎರಡು ಸುತ್ತು ತಿರುಗಿ ಮುಂದುವರಿಯಿರಿ. ಗುರುತನ್ನು ಮಾತ್ರ ತಾಗಿದ್ದರೆ ಒಂದು ಸುತ್ತು.

ಉಡುಪಿನ ಬಗ್ಗೆ ಹೇಳುವುದು ಸಂಕೋಚದ ವಿಷಯವಲ್ಲ. ಜಡೆಯನ್ನು ಮೇಲಕ್ಕೆ ಕಟ್ಟಿ ಟೋಪಿಯೊಳಗೆ ಸೇರಿಸಿ. ವಿಂಚಿಗೆ ಕೂದಲೂ ಒಂದೇ, ಹಗ್ಗವೂ ಒಂದೇ. ಬಳೆ, ಉಂಗುರ, ಸರ ಯಾವುದೂ ಮೈಮೇಲೆ ಇರಬಾರದು. ತಾಳಿ ತೆಗೆಯಲು ಒಪ್ಪದವರು ಅದನ್ನು ಅಂಗಿಯೊಳಗೆ ಟೇಪಿನಿಂದ ಅಂಟಿಸಿಕೊಳ್ಳಲಿ. ಗಂಡಸರ ಅಳತೆಯ ಲೈಫ್ ಜಾಕೆಟ್ ನೀರಿನಲ್ಲಿ ಕಿವಿಯವರೆಗೆ ಏರಿಬಿಡುತ್ತದೆ, ಆದ್ದರಿಂದ ಕ್ಲಬ್ಬಿನದನ್ನು ನೆಚ್ಚದೆ ನಿಮ್ಮ ಅಳತೆಯದನ್ನು ತೊಟ್ಟು ನೀರಿಗಿಳಿದು ನೋಡಿ. ಐದಾರು ಗಂಟೆ ಶೌಚಾಲಯವಿಲ್ಲದ ದೋಣಿಯಲ್ಲಿರಬೇಕಾದೀತೆಂದು ನೀರು ಕುಡಿಯುವುದನ್ನು ನಿಲ್ಲಿಸಬೇಡಿ. ಬಿಸಿಲಿನಲ್ಲಿ ಮೊದಲು ಕೆಡುವುದು ತಲೆ. ಒಂದು ಬಕೆಟ್ಟು ಮತ್ತು ಒಂದು ಪಂಚೆ ಇದ್ದರೆ ಸಮಸ್ಯೆ ಬಗೆಹರಿಯುತ್ತದೆ.

ದೋಣಿ ಎರವಲಿನದಾದರೆ, ಬಹುಮಾನದ ಸಾಲಿನಲ್ಲಿ ನಿಲ್ಲುವ ಮುನ್ನ ಹಾಯಿಗಳನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ಹರಿದದ್ದು, ಮುರಿದದ್ದು, ಸಡಿಲವಾದದ್ದು ಏನಿದ್ದರೂ ಒಂದು ಚೀಟಿಯಲ್ಲಿ ಬರೆದು ಮಾಲೀಕನ ಕೈಗೆ ಕೊಡಿ.