ದಾರಿನೇ ಇಲ್ಲದ ಕಡೆ ಟ್ರೆಕ್: ಅಲಾಸ್ಕದ ಗೇಟ್ಸ್ ಆಫ್ ದಿ ಆರ್ಕ್ಟಿಕ್‌ಗೆ ಪ್ಲ್ಯಾನ್ ಮಾಡೋದು ಹೇಗೆ

ಅಲಾಸ್ಕ ಅಂದ್ರೆ ಎಲ್ರೂ ಕ್ರೂಸ್, ಡೆನಾಲಿ ಅಂತಾರೆ. ಅದಕ್ಕಿಂತ ತುಂಬಾ ಮೇಲೆ, ಆರ್ಕ್ಟಿಕ್ ವೃತ್ತದ ಆಚೆ, ಬ್ರೂಕ್ಸ್ ಪರ್ವತಸಾಲಲ್ಲಿ ಗೇಟ್ಸ್ ಆಫ್ ದಿ ಆರ್ಕ್ಟಿಕ್ ಅನ್ನೋ ನ್ಯಾಷನಲ್ ಪಾರ್ಕ್ ಇದೆ, 1980ರಲ್ಲಿ ಆಗಿದ್ದು, ಸುಮಾರು 34,000 ಚದರ ಕಿಲೋಮೀಟರ್, ಅಂದ್ರೆ ನಮ್ಮ ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ಹಾಸನ ನಾಲ್ಕೂ ಸೇರಿಸಿದ್ರೂ ಇದೇ ಒಂದು ಕೈ ಜಾಸ್ತಿ. ಅಷ್ಟು ಜಾಗದಲ್ಲಿ ರಸ್ತೆ ಇಲ್ಲ, ಮಾಡಿಟ್ಟ ಟ್ರೈಲ್ ಇಲ್ಲ, ಮೊಬೈಲ್ ಸಿಗ್ನಲ್ ಇಲ್ಲ. ಎಂಟ್ರಿ ಫೀನೂ ಇಲ್ಲ.

ಮೊದಲು ತಿಂಗಳು ಗಟ್ಟಿ ಮಾಡ್ಕೊಳ್ಳಿ. ಜೂನ್‌ನಲ್ಲಿ ಸೂರ್ಯ ಮುಳುಗಲ್ಲ, ಆದ್ರೆ ಜೂನ್ ಮಧ್ಯದಿಂದ ಜುಲೈ ಪೂರ್ತಿ ಸೊಳ್ಳೆ ಕಾಟ, ತಲೆಗೆ ಬಲೆ ಹಾಕ್ಕೊಂಡೇ ಊಟ ಮಾಡೋ ಪರಿಸ್ಥಿತಿ. ನನ್ನ ಓಟು ಆಗಸ್ಟ್ ಮಧ್ಯಕ್ಕೆ. ಮಳೆ ಇರುತ್ತೆ, ಸೊಳ್ಳೆ ಕಮ್ಮಿ ಆಗಿರುತ್ತೆ, ತಿಂಗಳ ಕೊನೆಗೆ ನೆಲವೆಲ್ಲ ಕೆಂಪಗಾಗುತ್ತೆ. ಹಿಮ ಮಾತ್ರ ಯಾವ ತಿಂಗಳಲ್ಲಾದ್ರೂ ಬೀಳಬಹುದು.

ಆಮೇಲೆ ವಿಮಾನ. ಅಲಾಸ್ಕದ ಫೇರ್‌ಬ್ಯಾಂಕ್ಸ್ ನಗರದಿಂದ ಬೆಟಲ್ಸ್ ಅನ್ನೋ ಪುಟ್ಟ ಊರಿಗೆ ಹೋಗಿ, ಅಲ್ಲಿಂದ ನೀರಿನ ಮೇಲೆ ಇಳಿಯೋ ಸಣ್ಣ ವಿಮಾನದಲ್ಲಿ ಯಾವುದೋ ಕೆರೆಗೆ ಇಳಿಸ್ಕೊಳ್ಳೋದು, ವಾರ ಬಿಟ್ಟು ಬಂದು ಕರ್ಕೊಂಡು ಹೋಗ್ತಾರೆ. ಖರ್ಚು ಜಾಸ್ತಿ ಅನ್ಸಿದ್ರೆ ಪಾರ್ಕಿನ ಪೂರ್ವಕ್ಕೆ ಹೊರಗೇ ಹಾದುಹೋಗೋ ಡಾಲ್ಟನ್ ಹೈವೇಲಿ ಹೋಗಿ ರಸ್ತೆ ಪಕ್ಕದಿಂದಲೇ ನಡ್ಕೊಂಡು ಒಳಗೆ ಹೋಗಬಹುದು, ಇಲ್ಲಾಂದ್ರೆ ಅಲ್ಲಿನ ಮೂಲನಿವಾಸಿಗಳಾದ ನುನಾಮಿಯುತ್ ಜನ ಇರೋ ಅನಕ್ಟುವುಕ್ ಪಾಸ್ ಊರಿಗೆ ಹಾರಿ ಅಲ್ಲಿಂದ ಶುರು ಮಾಡಬಹುದು. ವಿಮಾನ ನಂಬ್ಕೊಂಡು ಹೋದ್ರೆ ಒಂದು ನೆನಪಿರ್ಲಿ, ಮೋಡ ಕವಿದ್ರೆ ಪೈಲಟ್ ಬರಲ್ಲ, ಬರಬಾರದು ಕೂಡ. ಅದಕ್ಕೆ ಎರಡು ದಿನದ ಊಟ ಎಕ್ಸ್‌ಟ್ರಾ ಇರ್ಲಿ, ವಾಪಸ್ ಟಿಕೆಟ್‌ನಲ್ಲೂ ಎರಡು ದಿನ ಸಡಿಲ ಬಿಡಿ.

ಈಗ ಮುಖ್ಯ ವಿಷಯ, ದಿನಕ್ಕೆ ಎಷ್ಟು ದೂರ. ಕುಮಾರಪರ್ವತ ಒಂದೇ ದಿನಕ್ಕೆ ಹತ್ತಿ ಇಳಿದವ್ರು ಇಲ್ಲೂ ದಿನಕ್ಕೆ 20 ಕಿಲೋಮೀಟರ್ ಅಂತ ಬರ್ಕೊಳ್ತಾರೆ. ದಯವಿಟ್ಟು 8 ಅಂತ ಬರ್ಕೊಳ್ಳಿ. ಅಲ್ಲಿ ಟಸಕ್ ಅಂತಾರಲ್ಲ, ಹುಲ್ಲಿನ ಗುಪ್ಪೆಗಳು, ಬುಡ ಸಣ್ಣದು ತಲೆ ದೊಡ್ಡದು, ಕೆದರಿದ ಕೂದಲಿನ ಹಾಗೆ, ಮೇಲೆ ಕಾಲಿಟ್ರೆ ಪಕ್ಕಕ್ಕೆ ವಾಲುತ್ತೆ, ನಡುವೆ ಇಟ್ರೆ ಬೂಟು ಪಚಕ್ ಅಂತ ತಣ್ಣೀರಿಗೆ ಇಳಿಯುತ್ತೆ, ಬೆನ್ನ ಮೇಲೆ 20 ಕೆಜಿ ಇಟ್ಕೊಂಡು ಇದನ್ನೇ ಗಂಟೆಗಟ್ಟಲೆ ಮಾಡ್ಬೇಕು. ಗಂಟೆಗೆ ಒಂದೂವರೆ ಕಿಲೋಮೀಟರ್ ಆದ್ರೆ ಚೆನ್ನಾಗೇ ನಡೆದ್ರಿ ಅಂತರ್ಥ. ಮ್ಯಾಪಲ್ಲಿ ಕಣಿವೆಯ ತಳ ಸಪಾಟಾಗಿ ಕಾಣುತ್ತೆ ಅಂತ ಅಲ್ಲಿ ಗೆರೆ ಎಳೀಬೇಡಿ, ದಿಣ್ಣೆ ಮೇಲೋ ನದಿ ಪಕ್ಕದ ಜಲ್ಲಿ ಮೇಲೋ ನಡೆಯೋದು ಎಷ್ಟೋ ವಾಸಿ.

ಸೇತುವೆ ಒಂದೂ ಇಲ್ಲ. ನದಿ ದಾಟೋದಿದ್ರೆ ಬೆಳಿಗ್ಗೆ ಬೇಗ ದಾಟಿ, ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿ, ಬಿದ್ರೆ ತಕ್ಷಣ ಕಳಚೋಕೆ ಆಗ್ಬೇಕು. ಮಳೆ ಬಂದು ನೀರು ಕದಡಿದ್ರೆ ಟೆಂಟ್ ಹಾಕಿ ಕಾಯಿರಿ.

ಕರಡಿ ತೆಗೆಯೋಕಾಗದ ಗಟ್ಟಿ ಡಬ್ಬಿಯಲ್ಲೇ ಊಟ ಇಡ್ಬೇಕು ಅನ್ನೋದು ಅಲ್ಲಿ ಕಡ್ಡಾಯ, ಟೂತ್‌ಪೇಸ್ಟ್ ಕೂಡ ಅದರೊಳಗೇ. ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ, ಜಾಗ ಕಮ್ಮಿ, ಬಿಸಿನೀರು ಸಾಕು. ಒಗ್ಗರಣೆ ಮಾತ್ರ ಬೇಡ, ಆ ಘಮ ಬಹಳ ದೂರ ಹೋಗುತ್ತೆ. ಅಡುಗೆ ಟೆಂಟಿಂದ ನೂರು ಮೀಟರ್ ಆಚೆ. ಕರಡಿ ಓಡಿಸೋ ಬೇರ್ ಸ್ಪ್ರೇ, ಸ್ಟವ್ ಗ್ಯಾಸ್ ಎರಡನ್ನೂ ದೊಡ್ಡ ವಿಮಾನದಲ್ಲಿ ಒಯ್ಯೋಕೆ ಬಿಡಲ್ಲ, ಫೇರ್‌ಬ್ಯಾಂಕ್ಸ್ ಅಥವಾ ಬೆಟಲ್ಸ್‌ನಲ್ಲೇ ತಗೊಳ್ಳಿ, ಸಣ್ಣ ವಿಮಾನ ಹತ್ತೋವಾಗ ಸ್ಪ್ರೇ ಇದೆ ಅಂತ ಪೈಲಟ್‌ಗೆ ಮೊದಲೇ ಹೇಳಿ.

ಬೆಟಲ್ಸ್ ಅಥವಾ ಡಾಲ್ಟನ್ ಹೈವೇಲಿರೋ ಕೋಲ್ಡ್‌ಫುಟ್‌ನ ರೇಂಜರ್‌ಗಳ ಹತ್ರ ಕೂತು ನಿಮ್ಮ ರೂಟ್ ತೋರಿಸಿ, ಆ ವರ್ಷ ಎಲ್ಲಿ ನೀರು ಜಾಸ್ತಿ ಅಂತ ಅವ್ರಿಗೆ ಗೊತ್ತಿರುತ್ತೆ. ಮೊಬೈಲ್ ಸಿಗ್ನಲ್ ಇಲ್ಲದ ಕಡೆಯಿಂದಲೂ ಮೆಸೇಜ್ ಕಳಿಸೋ ಸ್ಯಾಟಲೈಟ್ ಮೆಸೆಂಜರ್ ಇಲ್ದೆ ಹೋಗ್ಲೇಬೇಡಿ. ಕೊನೇದಾಗಿ ಮನೇಲಿ ಒಂದು ಹಾಳೆ ಬರೆದಿಟ್ಟು ಬನ್ನಿ, ರೂಟು, ಟೆಂಟಿನ ಬಣ್ಣ, ವಿಮಾನದವರ ನಂಬರ್, ವಾಪಸ್ ಬರೋ ತಾರೀಖು, ಅದರ ಕೆಳಗೆ ಇನ್ನೊಂದು ತಾರೀಖು: ಇಷ್ಟರೊಳಗೆ ಸುದ್ದಿ ಬರದಿದ್ರೆ ಮಾತ್ರ ಫೋನ್ ಮಾಡು ಅಮ್ಮ, ಅಲ್ಲಿವರೆಗೂ ಮೋಡ ಇದೆ ಅಂದ್ಕೋ.