ನೀರು ಕುಡಿಯದ ಬೆಕ್ಕಿಗೆ ನೀರು ಉಣ್ಣಿಸಿದ ಬಗೆ

ಗಂಡು ಬೆಕ್ಕು ಮರಳಿನ ಟ್ರೇಗೆ ಮತ್ತೆ ಮತ್ತೆ ಹೋಗಿ ಕುಳಿತು, ತಿಣುಕಿ, ಒಂದು ಹನಿಯೂ ಬಾರದೆ ಎದ್ದು ಬರುತ್ತಿದ್ದರೆ ಆಹಾರ ಬದಲಿಸುವ ಮಾತೇ ಬೇಡ, ಆಗಿಂದಾಗಲೇ ಪಶುವೈದ್ಯರ ಬಳಿ ಒಯ್ಯಬೇಕು. ಮಲಬದ್ಧತೆ ಇರಬೇಕೆಂದು ಎಣ್ಣೆ ನೆಕ್ಕಿಸುತ್ತ ಕೂರುವವರನ್ನು ಕಂಡಿದ್ದೇನೆ. ಗಂಡಿನ ಮೂತ್ರನಾಳ ತೀರಾ ಕಿರಿದು. ಅದು ಪೂರ್ತಿ ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಎರಡು ಮೂರು ದಿನದೊಳಗೆ ಜೀವವೇ ಹೋಗಬಹುದು. ಎಳನೀರು ಕುಡಿಸಿ ಎನ್ನುವವರಿರುತ್ತಾರೆ. ಎಳನೀರಿನಲ್ಲಿ ತುಂಬಿರುವುದೂ ಅದೇ ಪೊಟ್ಯಾಸಿಯಂ. ನೋವಿಗೆಂದು ಪ್ಯಾರಾಸಿಟಮಾಲ್ ಕೊಡುವುದಂತೂ ವಿಷ ಕೊಟ್ಟಂತೆ.

ನಮ್ಮ ಮುನ್ನಾನಿಗೆ ಈ ಕಾಟ ಶುರುವಾದದ್ದು ಕಲಬುರಗಿಯ ಬೇಸಿಗೆಯಲ್ಲಿ. ನಾಳ ಕಟ್ಟಿರಲಿಲ್ಲ, ಆದರೆ ಮೂತ್ರ ಹನಿಹನಿಯಾಗಿ, ರಕ್ತ ಬೆರೆತು ಬರುತ್ತಿತ್ತು. ವೈದ್ಯರು ಅದನ್ನು ಸೂಕ್ಷ್ಮದರ್ಶಕದಡಿ ನೋಡಿ ಸ್ಟ್ರುವೈಟ್ ಹರಳುಗಳಿವೆ ಎಂದರು. ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಸೇರಿ ಆಗುವ ಹರಳುಗಳಿವು. ಮೂತ್ರ ಗಟ್ಟಿಯಾಗಿ, ಕ್ಷಾರದ ಕಡೆಗೆ ವಾಲಿದಾಗ ಕಟ್ಟುತ್ತವೆ. ತೆಳುವಾಗಿ ತುಸು ಆಮ್ಲೀಯವಾದರೆ ಕರಗುತ್ತವೆ. ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲಾಗಿದ್ದರೆ ಯಾವ ಆಹಾರಕ್ಕೂ ಕರಗುವುದಿಲ್ಲ. ಹಾಗಾಗಿ ಪರೀಕ್ಷೆ ಮಾಡಿಸದೆ, ಪಕ್ಕದ ಮನೆಯ ಬೆಕ್ಕಿಗೆ ಒಗ್ಗಿತೆಂದು ಅದೇ ಪೊಟ್ಟಣ ತಂದು ಸುರಿಯಬಾರದು.

ಅಲ್ಲಿಂದ ಮುಂದೆ ನಾನು ಮಾಡಿದ್ದೆಲ್ಲ ಅವನ ಹೊಟ್ಟೆಗೆ ನೀರು ಸೇರಿಸುವ ಕೆಲಸವೇ. ಬೆಕ್ಕಿನ ಮೂಲ ಒಣನಾಡಿನ ಕಾಡುಬೆಕ್ಕು. ಬೇಟೆಯ ಮಾಂಸದಿಂದಲೇ ನೀರು ಪಡೆದು ಬದುಕಿದ ಪ್ರಾಣಿಗೆ ಬಾಯಾರಿಕೆ ಕಡಿಮೆ. ಅಂಗಡಿಯ ಒಣ ಕಾಳಿನಲ್ಲಿ ನೀರು ನೂರಕ್ಕೆ 10ರಷ್ಟು. ಪೌಚಿನ ಹಸಿ ಆಹಾರದಲ್ಲಿ 80ರ ಹತ್ತಿರ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಒಣ ಕಾಳು ತಿಂದು, ನಾಲ್ಕು ಸಲ ನೀರು ನೆಕ್ಕಿ ಮಲಗಿದರೆ ಮೂತ್ರ ಗಟ್ಟಿಯಾಗದೆ ಇನ್ನೇನಾದೀತು?

ವೈದ್ಯರು ಬರೆದುಕೊಟ್ಟ ಮೂತ್ರದ ತೊಂದರೆಯ ವಿಶೇಷ ಆಹಾರದಲ್ಲಿ ಹಸಿಯದನ್ನೇ ಆರಿಸಿಕೊಂಡೆ. ಹಳೆಯದರಲ್ಲಿ ಸ್ವಲ್ಪ ಸ್ವಲ್ಪವೇ ಬೆರೆಸುತ್ತ ವಾರದಲ್ಲಿ ಪೂರ್ತಿ ಬದಲಿಸಿದೆ. ಪೌಚ್ ಒಡೆದು, ಎರಡು ಮೂರು ಚಮಚ ಉಗುರುಬೆಚ್ಚಗಿನ ನೀರು ಹಾಕಿ, ಬೆರಳಿನಿಂದಲೇ ಕಿವುಚಿ ಗಂಜಿಯ ಹದಕ್ಕೆ ತರುತ್ತಿದ್ದೆ. ಬೆಚ್ಚಗಾದರೆ ವಾಸನೆ ಏಳುತ್ತದೆ, ವಾಸನೆ ಬಂದರೆ ಬೆಕ್ಕು ಬರುತ್ತದೆ. ನೀರು ಒಮ್ಮೆಲೇ ಹೆಚ್ಚಿಸಿದರೆ ಮೂಸಿ ಹೊರಟುಹೋಗುತ್ತಾನೆ. ದಿನಕ್ಕೆ ಅರ್ಧ ಚಮಚದಂತೆ ಏರಿಸಬೇಕು.

ಕಷ್ಟವಾದದ್ದು ಮನೆಯವರನ್ನು ಒಪ್ಪಿಸುವುದು. “ಬೆಕ್ಕಿಗೆ ಹಾಲು ಹಾಕದ ಮನೆ ಎಲ್ಲಿದೆಯಮ್ಮಾ?” ಎಂದು ಅತ್ತೆ ನೊಂದುಕೊಂಡರು. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಅರಗುವುದಿಲ್ಲ, ಭೇದಿಯಾದರೆ ಮೈಯ ನೀರು ಇನ್ನಷ್ಟು ಹೋಗುತ್ತದೆ ಎಂದು ಹೇಳಿದೆ. ಹಾಲಿನಲ್ಲಿ ನೆನೆಸಿದ ರೊಟ್ಟಿಯ ಚೂರು, ಸಾರಿನ ಮೀನು, ಎಲ್ಲವೂ ನಿಂತವು. ವಿಶೇಷ ಆಹಾರದ ಜೊತೆ ಬೇರೆಯದು ಸೇರಿದರೆ ಅದರ ಖನಿಜಾಂಶದ ಲೆಕ್ಕವೇ ಕೆಡುತ್ತದೆ. ಅತ್ತೆಯ ಪ್ರೀತಿಗೆ ದಾರಿ ಬೇಕಿತ್ತು. ವೈದ್ಯರನ್ನು ಕೇಳಿ, ಕೋಳಿ ಬೇಯಿಸಿದ ನೀರನ್ನು ಅವರ ಕೈಯಿಂದ ಕೊಡಿಸತೊಡಗಿದೆ. ಉಪ್ಪಿಲ್ಲ, ಈರುಳ್ಳಿ ಬೆಳ್ಳುಳ್ಳಿ ಖಂಡಿತ ಇಲ್ಲ. ಅವೆರಡೂ ಬೆಕ್ಕಿನ ರಕ್ತಕಣಗಳನ್ನು ಹಾಳುಮಾಡುತ್ತವೆ. ಆರಿದ ಮೇಲೆ ಮೇಲಿನ ಜಿಡ್ಡು ತೆಗೆದು, ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ, ಬಿಸಿಲಿಳಿಯುವ ಹೊತ್ತಿಗೆ ಒಂದು ತುಂಡು ಕರಗಿಸಿ ಇಡುತ್ತಾರೆ. ಮುನ್ನಾ ಅವರ ಸೀರೆಯ ನೆರಿಗೆ ಬಿಡುವುದಿಲ್ಲ.

ಬರೀ ಕೋಳಿ ಬೇಯಿಸಿ ಸಾಕುತ್ತೇವೆ ಎನ್ನುವವರಿಗೆ ನನ್ನ ಸ್ಪಷ್ಟ ಮಾತು: ಬೇಡ. ಮೂಳೆಯಿಲ್ಲದ ಮಾಂಸದಲ್ಲಿ ಕ್ಯಾಲ್ಸಿಯಂ ಸಾಲದು. ಟಾರಿನ್ ಎಂಬ ಅಂಶ ಬೇಯಿಸಿದ ನೀರಿಗೆ ಇಳಿದುಹೋಗುತ್ತದೆ. ಅದು ಕೊರತೆಯಾದರೆ ಬೆಕ್ಕಿನ ಕಣ್ಣು, ಹೃದಯ ಎರಡೂ ಕೆಡುತ್ತವೆ.

ನೀರಿನ ಬಟ್ಟಲುಗಳನ್ನು ಊಟದ ತಟ್ಟೆಯಿಂದಲೂ ಮರಳಿನ ಟ್ರೇಯಿಂದಲೂ ದೂರ, ತಂಪಾದ ಶಹಾಬಾದ್ ಕಲ್ಲಿನ ನೆಲದ ಮೇಲೆ, ಬೇರೆ ಬೇರೆ ಕೋಣೆಗಳಲ್ಲಿ ಇಟ್ಟೆ. ಅಗಲ ಬಾಯಿಯ ಮಣ್ಣಿನ ಬಟ್ಟಲೇ ಅವನಿಗೆ ಇಷ್ಟ.

ಫಲ ಕಂಡದ್ದು ಮರಳಿನಲ್ಲಿ. ಮೊದಲು ಅಡಿಕೆಯಷ್ಟಿದ್ದ ಮೂತ್ರದ ಉಂಡೆಗಳು ದೊಡ್ಡವಾದವು, ಘಾಟು ತಗ್ಗಿತು. ಕೆಲವು ವಾರಗಳ ನಂತರದ ಪರೀಕ್ಷೆಯಲ್ಲಿ ಹರಳು ಇರಲಿಲ್ಲ. ದೀಪಾವಳಿಯ ಪಟಾಕಿಗೆ ಬೀರುವಿನಡಿ ಅವಿತವನು ಮರುದಿನ ಮತ್ತೆ ಟ್ರೇಗೆ ಓಡಾಡತೊಡಗಿದ. ಈ ಬಾರಿ ಹರಳೂ ಇಲ್ಲ, ಸೋಂಕೂ ಇಲ್ಲ. ಹೆದರಿಕೆಯಿಂದಲೂ ಮೂತ್ರಕೋಶ ಉರಿಯುತ್ತದೆ ಎಂದರು ವೈದ್ಯರು. ಈಗ ಹಬ್ಬದ ದಿನ ಒಳಕೋಣೆಯಲ್ಲಿ ಅವನ ಹಾಸಿಗೆ, ಟ್ರೇ, ನೀರು ಮೊದಲೇ ಸಿದ್ಧವಿರುತ್ತವೆ. ಬೇಸಿಗೆ ಕಾಲಿಡುವ ಮುನ್ನ ಒಮ್ಮೆ ಮೂತ್ರದ ಸಾಂದ್ರತೆ, ಪಿಎಚ್ ನೋಡಿಸುತ್ತೇನೆ. ಮೂತ್ರಪಿಂಡದ ಕಾಯಿಲೆಯಿರುವ ಬೆಕ್ಕಿಗೆ, ಮರಿಗಳಿಗೆ, ಗಬ್ಬದ ಬೆಕ್ಕಿಗೆ ಈ ವಿಶೇಷ ಆಹಾರ ಸರಿಹೊಂದುವುದಿಲ್ಲ. ಅವುಗಳಿಗೆ ವೈದ್ಯರು ಬೇರೆಯದನ್ನೇ ಬರೆಯುತ್ತಾರೆ.